ರಾಗಿ ಚೀಲದಿಂದ ಕುದುರೆಯವರೆಗೆ



ನಮ್ಮೂರುಗಳ ಅಂಗನವಾಡಿ ಗೋಡೆಗಳ ಮೇಲೆ ಮಿಕ್ಕಿ ಮೌಸ್ ಇರುತ್ತಾನೆ, ಟಾಮ್ ಬೆಕ್ಕು ಇರುತ್ತದೆ. ಅವನ್ನು ನೋಡಿ ಮಕ್ಕಳು ತಾವೂ ಬರೆಯಲು ಕೂರುತ್ತಾರೆ. ಕಿವಿ ಸರಿಯಾಗಿ ಬರುತ್ತದೆ, ಮೀಸೆಯೂ ಬರುತ್ತದೆ. ಆದರೆ ಬೆಕ್ಕಿಗೆ ಜೀವ ಬರುವುದಿಲ್ಲ. ಬರೆದ ಮಗುವಿಗೂ ಅದು ತಿಳಿಯುತ್ತದೆ. ಏನು ತಪ್ಪಿದೆ ಎಂದು ಮಾತ್ರ ತಿಳಿಯುವುದಿಲ್ಲ.

ತಪ್ಪಿದ್ದು ಮೈಭಾರ ಮತ್ತು ಚಲನೆ. ನಾವು ಹೊರಗೆರೆಯನ್ನು ನಕಲು ಮಾಡುತ್ತೇವೆ. ಆ ಬೆಕ್ಕನ್ನು ಮೊದಲು ಬರೆದ ಕಲಾವಿದರು ಹೊರಗೆರೆಯಿಂದ ಶುರು ಮಾಡಿದವರಲ್ಲ. ಸಿನಿಮಾ ರೀಲಿನಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಹಾಗೆ ಬರೆಯುವವರಿಗೆ ಮೀಸೆಗಿಂತ ಮೊದಲು ಬೇಕಾದದ್ದು, ಬೆಕ್ಕು ಎಲ್ಲಿಂದ ಎಲ್ಲಿಗೆ ಹೊರಟಿದೆ ಎಂಬುದು.

ಟಾಮ್ ಮತ್ತು ಜೆರ್ರಿಯ ಮೊದಲ ಚಿತ್ರ ಬಂದದ್ದು 1940ರಲ್ಲಿ. ಆ ಕಾಲದ ಯಾವುದಾದರೊಂದು ಚಿತ್ರವನ್ನು ಮೊಬೈಲಿನಲ್ಲಿ ಹಾಕಿ, ಬೆಕ್ಕು ಓಡಲು ಹೊರಡುವ ಗಳಿಗೆಯಲ್ಲಿ ನಿಲ್ಲಿಸಿ. ಕಣ್ಣು, ಬಾಲ ಎಲ್ಲ ಬಿಟ್ಟು, ತಲೆಯಿಂದ ಹಿಂಗಾಲಿನವರೆಗೆ ಒಂದೇ ಬಾಗುಗೆರೆ ಎಳೆಯಿರಿ. ಹೊರಡುವ ಮೊದಲು ಮೈ ಹಿಂದಕ್ಕೆ ಬಾಗಿರುತ್ತದೆ. ಹೊರಟ ಮೇಲೆ ಅದೇ ಗೆರೆ ಮುಂದಕ್ಕೆ ಬಾಗುತ್ತದೆ. ಈ ಗೆರೆಯ ಮೇಲೆ ತಲೆಗೊಂದು, ಎದೆಗೊಂದು, ಸೊಂಟಕ್ಕೊಂದು ಉಂಡೆ ಕೂರಿಸಿ. ಹೊರಗೆರೆ ಆಮೇಲೆ ಬರಲಿ. ಮೊದಮೊದಲು ಅದು ಬೆಕ್ಕಿನಂತೆ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ. ಅದು ಓಡುತ್ತಿದ್ದರೆ ಸಾಕು.

ಡಿಸ್ನಿ ಸ್ಟುಡಿಯೋದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ತಮ್ಮ ಕೆಲಸದ ಗುಟ್ಟುಗಳನ್ನೆಲ್ಲ 1981ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಒಂದು ಪಾಠವಿದೆ: ಅರೆ ತುಂಬಿದ ಹಿಟ್ಟಿನ ಚೀಲವನ್ನು ಬರೆಯುವುದು. ಮುಖವಿಲ್ಲ, ಕೈಕಾಲಿಲ್ಲ, ಆದರೂ ಚೀಲ ದುಃಖಪಡಬೇಕು, ಹಿಗ್ಗಬೇಕು, ಬೆಚ್ಚಿಬೀಳಬೇಕು. ನಮ್ಮ ಕಡೆ ಅದು ರಾಗಿ ಚೀಲವಾಗಲಿ. ಎತ್ತರದಿಂದ ಬಿದ್ದಾಗ ಚೀಲ ಅಪ್ಪಚ್ಚಿಯಾಗುತ್ತದೆ, ಬದಿಗೆ ಉಬ್ಬುತ್ತದೆ. ಮೇಲಕ್ಕೆ ಹಾರಿದಾಗ ಉದ್ದವಾಗಿ ಸಣ್ಣಗಾಗುತ್ತದೆ. ಒಳಗಿನ ರಾಗಿ ಮಾತ್ರ ಒಂದು ಸೇರೂ ಹೆಚ್ಚುಕಡಿಮೆ ಆಗಬಾರದು. ಕಾರ್ಟೂನಿನ ಮೈ ಎಷ್ಟು ಹಿಗ್ಗಿ ಕುಗ್ಗಿದರೂ ನಮಗೆ ಅದು ಅದೇ ಮೈ ಎನಿಸುವುದು ಈ ಲೆಕ್ಕದಿಂದ. ನನ್ನ ಮಟ್ಟಿಗೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಆದರೆ ಹಳೆಯ ಸಿನಿಮಾಗಳನ್ನೇ ನೋಡುತ್ತ ಕೂತರೆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಅವನ್ನು ಮಾಡಿದವರು ಸಿನಿಮಾ ನೋಡಿಯಷ್ಟೇ ಕಲಿತವರಲ್ಲ, ಪ್ರಾಣಿಗಳನ್ನೂ ನೋಡಿ ಕಲಿತವರು. 1942ರ 'ಬ್ಯಾಂಬಿ' ಚಿತ್ರಕ್ಕಾಗಿ ಜಿಂಕೆಮರಿಗಳನ್ನೇ ಸ್ಟುಡಿಯೋಗೆ ತರಿಸಿಕೊಂಡಿದ್ದರು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಕುಣಿಗಲ್ ಎಂದರೆ ಕುದುರೆ ಫಾರಂ. ಟಿಪ್ಪುವಿನ ಕಾಲದಿಂದ ಕುದುರೆ ಕಂಡ ಊರು. ಆದರೂ ಕುದುರೆಯ ಓಟವನ್ನು ಗಮನವಿಟ್ಟು ನೋಡಬೇಕು. ಓಡುವ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿದಂತೆ ಬರೆಯುವುದು ಎಷ್ಟೋ ಕಾಲದಿಂದ ಚಿತ್ರಗಾರರ ರೂಢಿಯಾಗಿತ್ತು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾ ಇಟ್ಟು ಫೋಟೋ ತೆಗೆದಾಗ ನಿಜ ಗೊತ್ತಾಯಿತು. ನಾಲ್ಕೂ ಗೊರಸು ನೆಲ ಬಿಡುವುದು ಹೌದು, ಆದರೆ ಕಾಲುಗಳು ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುವ ಗಳಿಗೆಯಲ್ಲಿ.

ಎತ್ತು ನೋಡಬೇಕೆಂದರೆ, ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಪೆನ್ಸಿಲ್ ಹಿಡಿದು ಅಲ್ಲಿ ಒಂದು ಮೂಲೆಯಲ್ಲಿ ಕೂತು, ಮಲಗಿದ ಹಳ್ಳಿಕಾರ್ ತಳಿಯ ಎತ್ತು ಏಳುವುದನ್ನು ಗಮನಿಸಿ. ಅದು ಹಿಂಭಾಗವನ್ನು ಮೊದಲು ಎತ್ತುತ್ತದೆ; ಒಂದು ಗಳಿಗೆ ಮುಂದಿನ ಮೊಣಕಾಲೂರಿ ನಿಂತಂತಿದ್ದು ಆಮೇಲೆ ಪೂರ್ತಿ ಏಳುತ್ತದೆ. ಕುದುರೆ ಇದಕ್ಕೆ ತದ್ವಿರುದ್ಧ, ಮುಂಗಾಲು ಊರಿ ಎದೆ ಎತ್ತಿದ ಮೇಲೆಯೇ ಹಿಂಭಾಗ. ಇಷ್ಟು ತಿಳಿದವರು ಕಾರ್ಟೂನ್ ಎತ್ತಿಗೆ ಟೋಪಿ ಹಾಕಲಿ, ಕನ್ನಡಕ ಹಾಕಲಿ, ಅದು ಎತ್ತಾಗಿಯೇ ಉಳಿಯುತ್ತದೆ.

ಇನ್ನು ಉತ್ಪ್ರೇಕ್ಷೆ. ಅದನ್ನು ಕಲಿಯಲು ಗುಬ್ಬಿಯ ರಂಗಭೂಮಿ ಇದೆ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು 'ಸದಾರಮೆ' ನಾಟಕದ ಕಳ್ಳನಾಗಿ ಜನರನ್ನು ನಗಿಸಿದವರು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಖ ಕಾಣದಿದ್ದರೂ ನಿಲುವಿನಿಂದ, ನಡಿಗೆಯಿಂದ ಪಾತ್ರ ತಿಳಿಯಬೇಕು ಎಂಬುದು ರಂಗಭೂಮಿಯ ನಿಯಮ, ಅನಿಮೇಷನ್ನಿನದೂ ಅದೇ. ನಮ್ಮ ತಿಪಟೂರಿನ ಹಾಸ್ಯನಟ ನರಸಿಂಹರಾಜು ಅವರನ್ನು ನೆನೆಯಿರಿ. ಆ ಬಡಕಲು ಮೈ, ಮುಂದೆ ಬಂದ ಹಲ್ಲು. ಬರೀ ನೆರಳು ಬಿದ್ದರೂ ಅವರೇ ಎಂದು ಹೇಳಬಹುದು. ನೀವು ಬರೆದ ಪಾತ್ರವನ್ನು ಪೂರ್ತಿ ಕಪ್ಪು ಬಳಿದು ನೋಡಿ. ಆಗಲೂ ಯಾರೆಂದು ತಿಳಿದರೆ ಆ ಪಾತ್ರ ಗಟ್ಟಿ.

ಭಾರತದಲ್ಲಿ ಅನಿಮೇಷನ್ನಿನ ಪಾಠ ವ್ಯವಸ್ಥಿತವಾಗಿ ನಡೆದದ್ದು 1956ರಲ್ಲಿ. ಡಿಸ್ನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ರಾಮ್ ಮೋಹನ್ ಮೊದಲಾದ ಯುವಕರಿಗೆ ಕಲಿಸಿದರು. ಅಲ್ಲಿ ತಯಾರಾದ 'ದಿ ಬನಿಯನ್ ಡೀರ್' ಸಿನಿಮಾ ಜಾತಕ ಕಥೆಯ ಜಿಂಕೆಯದು. ಅದರ ಚಿತ್ರಗಳಿಗೆ ಅಜಂತಾದ ಮಾದರಿ. ಚಲನೆಯ ಪಾಠ ಹೊರಗಿನದು, ರೂಪ ಇಲ್ಲಿನದು. ನಮ್ಮ ಮಕ್ಕಳೂ ಮಿಕ್ಕಿಯಲ್ಲೇ ನಿಲ್ಲದೆ ಹೀಗೆ ಮುಂದೆ ಹೋಗಲಿ ಎಂಬುದು ನನ್ನ ಆಸೆ.

ಶುರು ಮಾಡಲು ಖರ್ಚಿಲ್ಲ. ಹಳೆಯ ಪುಸ್ತಕವೊಂದರ ಮೂಲೆಗಳಲ್ಲಿ ಹಾಳೆಗೊಂದರಂತೆ 12 ರಾಗಿ ಚೀಲ ಬರೆದು, ಪಟಪಟನೆ ಹಾಳೆ ಬಿಡಿ. ಚೀಲ ನೆಲ ಬಿಡುವಾಗ ಚಿತ್ರಗಳ ನಡುವೆ ಅಂತರ ಹೆಚ್ಚಿರಲಿ, ಮೇಲೆ ತಲುಪಿದಾಗ ಒತ್ತೊತ್ತಾಗಿರಲಿ, ಇಳಿಯುವಾಗ ಮತ್ತೆ ದೂರ ದೂರ. ಎಲ್ಲ ಸಮ ಅಂತರದಲ್ಲಿದ್ದರೆ ಚೀಲ ತೇಲುತ್ತದೆ. ಮೇಲೆ ಹೇಳಿದಂತೆ ಬರೆದರೆ ಅದು ಹಾರಿ, ಧೊಪ್ಪನೆ ಬೀಳುತ್ತದೆ.