ಬೆಳೆಯೋದು ನಾಲ್ಕು ತಿಂಗಳು, ಮಾರೋದು ಅರ್ಧ ತಾಸು

(ಮೈಲಾರದಲ್ಲಿ ಸುತ್ತಮುತ್ತಲ ಊರುಗಳ ರೈತರು ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ಈ ಊರಿಗೆ ಭರತ ಹುಣ್ಣಿಮೆಗೆ ಬರದವರು ನಿಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಅಂದ ಕೂಡಲೇ ಅಷ್ಟು ದೊಡ್ಡ ಜಾತ್ರೆ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆಮೇಲೆ ಒಂದೇ ಒಂದು ವಾಕ್ಯ. ಅದನ್ನು ಹೊತ್ತುಕೊಂಡು ಊರಿಗೆ ಹೋಗುವ ದಾರಿಯುದ್ದಕ್ಕೂ ಚರ್ಚೆ: ಮಳೆ ಹೆಂಗೆ, ಬೆಳೆ ಹೆಂಗೆ, ಕುರ್ಚಿ ಯಾರಿಗೆ, ಮೆಕ್ಕೆಜೋಳದ ರೇಟು ಏರುತ್ತೋ ಇಳಿಯುತ್ತೋ. ಕಾರಣಿಕ ದೇವರದು, ಅದರ ಬಗ್ಗೆ ನಾನು ಮಾತಾಡೋನಲ್ಲ. ಆದರೆ ರೇಟಿನ ಭಾರವನ್ನು ಮಾತ್ರ ದೇವರ ಮೇಲೆ ಹಾಕಬೇಡಿ. ರೇಟು ವ್ಯಾಪಾರಿ ಬರೆಯುವ ಅಂಕಿ. ಮನುಷ್ಯ ಬರೆದದ್ದನ್ನು ಮನುಷ್ಯ ಓದಬಹುದು.

ಪಟ್ಟಣದ ಕಂಪನಿಗಳಲ್ಲಿ ನೌಕರರನ್ನು ಕೂಡಿಸಿ ಮಾರಾಟ, ಮುಂದಾಳ್ತನ, ಆಡಳಿತ ಅಂತ ಹಣ ಕೊಟ್ಟು ಪಾಠ ಹೇಳಿಸ್ತಾರೆ. ಹತ್ತು ಎಕರೆ ಸಾಗುವಳಿ ಮಾಡೋ ನಿಮಗೆ ಯಾರು ಹೇಳಿದರು? ಬೀಜ, ಗೊಬ್ಬರ, ಆಳು, ಟ್ರ್ಯಾಕ್ಟರು, ಸಾಲ, ಬಡ್ಡಿ, ಮೇಲೆ ಮೋಡ. ಇದೇನು ಕಂಪನಿಗಿಂತ ಸಣ್ಣ ಕೆಲಸವೇನ್ರೀ? ನಾಲ್ಕು ತಿಂಗಳು ಮೈಮುರಿದು ಬೆಳೀತೀರಿ, ಅಡತಿ ಅಂಗಡಿಯ ಮುಂದೆ ಅರ್ಧ ತಾಸು ನಿಂತು ಮಾರಿ ಬರ್ತೀರಿ. ಆ ಅರ್ಧ ತಾಸಿಗೆ ತಯಾರಿ ಎಷ್ಟು?

ತಯಾರಿ ಅಂದರೆ ಮೊದಲು ಲೆಕ್ಕ. 'ಈ ಸಲ ಕ್ವಿಂಟಲಿಗೆ ನಿಮಗೆ ಎಷ್ಟು ಬಿತ್ತು?' ಅಂತ ಕೇಳಿದರೆ ನಮ್ಮವರು ಆಕಾಶ ನೋಡ್ತಾರೆ. ಬರೆದಿದ್ದರೂ ಗೊಬ್ಬರ, ಬೀಜ, ಕೂಲಿ ಅಷ್ಟೇ. ಮನೆಯಾಕೆ ಕಳೆ ತೆಗೆದದ್ದು, ಮಗ ರಾತ್ರಿ ನೀರು ಕಟ್ಟಿದ್ದು ಲೆಕ್ಕಕ್ಕಿಲ್ಲ. ಸರ್ಕಾರದ ಬೆಲೆ ಆಯೋಗವೇ ಮನೆಯವರ ದುಡಿಮೆಯನ್ನು ಖರ್ಚು ಅಂತ ಹಿಡಿಯುತ್ತೆ. ಇನ್ನೂ ದೊಡ್ಡ ಲೆಕ್ಕದಲ್ಲಿ ಸ್ವಂತ ಹೊಲದ ಗುತ್ತಿಗೆ, ಹಾಕಿದ ಬಂಡವಾಳದ ಬಡ್ಡಿಯೂ ಸೇರುತ್ತವೆ. ಈ ದೊಡ್ಡ ಲೆಕ್ಕದ ಮೇಲೆ ಬೆಂಬಲ ಬೆಲೆ ಕೊಡಿ ಅನ್ನೋದೇ ನಮ್ಮ ಜಗಳ. ದೆಹಲಿಯವರಿಗೆ ಆ ಲೆಕ್ಕ ಕೇಳುವ ನಾವು ನಮ್ಮ ಮನೆಯ ಪುಸ್ತಕದಲ್ಲಿ ಅದನ್ನು ಬರೆಯದಿದ್ದರೆ ಹೇಗೆ?

2025ರ ನವೆಂಬರಿನಲ್ಲಿ ಏನಾಯ್ತು ಅಂತ ನಿಮಗೆ ಗೊತ್ತು. ಮೆಕ್ಕೆಜೋಳಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ 2,400 ರೂಪಾಯಿ. ಪೇಟೆಯಲ್ಲಿ ನಡೆದದ್ದು 1,600ರಿಂದ 1,800. ರೈತರು ರಸ್ತೆಗಿಳಿದರು, ಇಳಿಯಲೇಬೇಕಿತ್ತು. ಆದರೆ ಹೋರಾಟ ನಡೆಯುತ್ತಿರುವಾಗಲೂ ಕಣದಲ್ಲಿ ಕಾಳು ಬಿದ್ದಿರುತ್ತದಲ್ಲ, ಅದನ್ನೇನು ಮಾಡೋದು?

ಒಂದು ಸಣ್ಣ ಲೆಕ್ಕ ಹೇಳ್ತೀನಿ. ನೂರಕ್ಕೆ 20 ತೇವ ಇರುವ ಒಂದು ಕ್ವಿಂಟಲ್ ಮೆಕ್ಕೆಜೋಳದಲ್ಲಿ 80 ಕಿಲೋ ಒಣ ಕಾಳು, 20 ಕಿಲೋ ನೀರು. ಅದನ್ನು 14ರ ತೇವಕ್ಕೆ ಒಣಗಿಸಿದರೆ ಉಳಿಯೋದು 93 ಕಿಲೋ. ಹಸಿ ಮಾಲಿಗೆ 1,700 ಕೊಡ್ತೀನಿ ಅಂದರೆ, ಒಣ ಮಾಲಿಗೆ ಸುಮಾರು 1,830 ಸಿಕ್ಕಾಗ ಅಸಲಿಗೆ ಅಸಲು. ಒಣಗಿಸಿದ ಕೂಲಿ ಬೇರೆ. ಅದಕ್ಕಿಂತ ಹೆಚ್ಚು ಸಿಕ್ಕರೆ ಒಣಗಿಸಿ, ಇಲ್ಲದಿದ್ದರೆ ಬೆವರು ಯಾಕೆ ಸುರಿಸ್ತೀರಿ? ಇನ್ನೊಂದು ಮಾತು. ಸರ್ಕಾರಿ ಖರೀದಿ ಕೇಂದ್ರದವರು 14ಕ್ಕಿಂತ ಹೆಚ್ಚು ತೇವ ಇದ್ದರೆ ಮುಟ್ಟೋದಿಲ್ಲ. ಹೋರಾಡಿ ಕೇಂದ್ರ ತೆರೆಸಿ, ಅಲ್ಲಿಗೆ ಹಸಿ ಕಾಳು ಒಯ್ದು ವಾಪಸು ತರುವುದಕ್ಕಿಂತ ಹೊಟ್ಟೆಯುರಿ ಬೇರೆ ಇಲ್ಲ.

'ಸ್ವಲ್ಪ ದಿನ ತಡೀರಿ, ರೇಟು ಬರುತ್ತೆ' ಅಂತ ಉಪದೇಶ ಮಾಡುವವರು ಬಹಳ ಜನ. ಈ ಉಪದೇಶ ಎಲ್ಲರಿಗೂ ಒಗ್ಗೋದಿಲ್ಲ. 1,700ರ ಮಾಲನ್ನು ಮೂರು ತಿಂಗಳು ಇಟ್ಟಿರಿ ಅನ್ನಿ. ನಿಮ್ಮ ತಲೆ ಮೇಲಿನ ಸಾಲ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯದಾದರೆ ಕ್ವಿಂಟಲಿಗೆ 51 ರೂಪಾಯಿ ಬಡ್ಡಿ. ಅದೇ ಮೂರು ರೂಪಾಯಿ ಬಡ್ಡಿಯ ಕೈಗಡವಾದರೆ 153. ಹುಳ, ಇಲಿ, ಬಾಡಿಗೆ ಇದರ ಮೇಲೆ. ಮೊದಲನೆಯವನು ಕಾಯಬಹುದು. ಎರಡನೆಯವನು ಇವತ್ತೇ ಮಾರಿ ಆ ಸಾಲ ತೀರಿಸೋದೇ ಜಾಣತನ. ಅಂದರೆ ಮಾಲನ್ನು ಯಾವಾಗ ಮಾರಬೇಕು ಅನ್ನೋದು ಸುಗ್ಗಿಯಲ್ಲಲ್ಲ, ಜೂನಿನಲ್ಲಿ ಸಾಲ ಎಲ್ಲಿ ತಂದಿರಿ ಅನ್ನೋದರಲ್ಲೇ ತೀರ್ಮಾನವಾಗಿರುತ್ತದೆ. ಗೊಬ್ಬರ ಉದ್ರಿ ಕೊಟ್ಟ ಅಂಗಡಿಯವನೇ ಕಾಳನ್ನೂ ಕೊಳ್ಳುವವನಾದರೆ ನಿಮಗೆ ರೇಟು ಕೇಳುವ ಬಾಯಿಯೇ ಇರೋದಿಲ್ಲ. ಸಹಕಾರ ಸಂಘದ ಬೆಳೆಸಾಲಕ್ಕೆ ನಾಲ್ಕು ಸಲ ಅಲೆದರೂ ಪರವಾಗಿಲ್ಲ, ಅಲೆಯಿರಿ. ಉಗ್ರಾಣದಲ್ಲಿ ಮಾಲಿಟ್ಟರೆ ಆ ರಸೀದಿಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆ, ಅದನ್ನೂ ಕೇಳಿ ನೋಡಿ.

ಮಾರುಕಟ್ಟೆಗೆ ಹೋದಾಗ ಎರಡು ಹಕ್ಕು ನೆನಪಿರಲಿ. ನಮ್ಮ ರಾಜ್ಯದ 1966ರ ಕಾಯದೆಯ ಪ್ರಕಾರ ದಲಾಲಿ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಬಿಳಿ ಚೀಟಿಯಲ್ಲಿ ಕಮಿಷನ್, ಸೂಟು ಅಂತ ಕಡಿದುಕೊಂಡರೆ ಪಕ್ಕಾ ಬಿಲ್ಲು ಕೇಳಿ. ಎರಡನೆಯದು, ಟೆಂಡರಿನಲ್ಲಿ ಬಂದ ರೇಟು ಒಪ್ಪಿಗೆಯಾಗದಿದ್ದರೆ ಮಾಲು ಕೊಡೋದಿಲ್ಲ ಅನ್ನಬಹುದು. ಬಾಡಿಗೆ ಗಾಡಿ ಹೊರಗೆ ನಿಂತು ಹಾರನ್ ಹೊಡೀತಿದ್ದರೆ ಹಾಗನ್ನೋದು ಕಷ್ಟ, ನನಗೂ ಗೊತ್ತು. ಅದಕ್ಕೇ ಹೋಗುವ ಮುಂಚೆ ವಿಚಾರಿಸಬೇಕು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿದ್ದು, ಸಿಟ್ಟಿಗೆದ್ದ ರೈತರು ಕಚೇರಿಗೆ, ವಾಹನಗಳಿಗೆ ಬೆಂಕಿಯಿಟ್ಟರು. ಆ ಸಿಟ್ಟು ಎಲ್ಲಿಂದ ಬಂತು ಅಂತ ಸಾಲ ಮಾಡಿದ ಎಲ್ಲರಿಗೂ ತಿಳಿಯುತ್ತದೆ. ಬೆಂಕಿಯಿಂದ ರೇಟು ಏರಲಿಲ್ಲ, ಕೇಸು ಬಿದ್ದದ್ದು ರೈತರ ಮೇಲೆ. ಹಿಂದಿನ ಪೇಟೆ ದಿನ ಎಷ್ಟು ಚೀಲ ಬಂದಿತ್ತು, ಎಷ್ಟಕ್ಕೆ ಹೋಯಿತು ಅನ್ನೋದು ಈಗ ಕೈಯಲ್ಲಿರುವ ಫೋನಿನಲ್ಲೇ ಸಿಗುತ್ತದೆ. ಮದುವೆ ವೀಡಿಯೋ ನೋಡುವ ಹೊತ್ತಿನಲ್ಲಿ ಕಾಲು ಭಾಗ ಅದಕ್ಕೆ ಕೊಡಿ.

ನಮ್ಮ ಹಡಗಲಿ ಮಲ್ಲಿಗೆಯವರ ಪಾಡು ಬೇರೆ. ಬೆಳಿಗ್ಗೆ ಬಿಡಿಸಿದ ಮೊಗ್ಗು ಸಂಜೆಗೆ ಅರಳಿತು, ಮುಗೀತು. ಅವರಿಗೆ ಕಾಯುವ ಮಾತೇ ಇಲ್ಲ. ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಸಂತೋಷ. ಆ ಕಾಗದವನ್ನು ಗೋಡೆಗೆ ನೇತುಹಾಕಿದರೆ ಮೊಳಕ್ಕೆ ಒಂದು ಪೈಸೆ ಹೆಚ್ಚು ಬರೋದಿಲ್ಲ. ಇಬ್ಬರು ಮೂವರು ಬೇರೆಬೇರೆ ಊರಿನ ವ್ಯಾಪಾರಿಗಳ ಹತ್ತಿರ ವ್ಯವಹಾರ ಇಟ್ಟುಕೊಳ್ಳೋದೇ ಅವರಿಗಿರುವ ಬಲ, ಅದೂ ಹತ್ತಾರು ಮನೆ ಕೂಡಿದರೆ.

ಕೂಡೋದು ಅಂದಾಗ ಎಲ್ಲರೂ ನಗ್ತೀರಿ. ನಗಬೇಡಿ. ಹೊಳೆಯಾಚೆ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಾಲದ ಸಹಕಾರ ಸಂಘ ಕಟ್ಟಿದರು. ಕರಾವಳಿಯಲ್ಲಿ ಅಡಿಕೆ ಬೆಲೆ ನೆಲಕಚ್ಚಿದ ಮೇಲೆ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಕ್ಯಾಂಪ್ಕೋ ಕಟ್ಟಿದರು. ಅವರು ಭಾಷಣ ಮಾಡಿ ರೇಟು ಏರಿಸಲಿಲ್ಲ. ತಾವೇ ಪೇಟೆಗಿಳಿದು ಕೊಂಡರು. ಕೋಕೋ ಕೇಳುವವರಿಲ್ಲದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿದರು.

ಇತ್ತೀಚೆಗೆ ರೈತ ಉತ್ಪಾದಕ ಕಂಪನಿ ಅಂತ ಬಂದಿವೆ. ಹತ್ತು ಜನ ಬೆಳೆಗಾರರಿದ್ದರೆ ನೋಂದಣಿ ಮಾಡಬಹುದು, ಷೇರು ಎಷ್ಟಿದ್ದರೂ ಒಬ್ಬನಿಗೆ ಒಂದೇ ಓಟು. ಬೋರ್ಡು ಏಳುತ್ತೆ, ಫೋಟೋ ಆಗುತ್ತೆ, ವರ್ಷದಲ್ಲಿ ಬೀಗ ಬೀಳೋದೂ ಉಂಟು. ಯಾಕೆ? ಊರಲ್ಲಿ ಜೋರಾಗಿ ಮಾತಾಡುವವನನ್ನೇ ಹುಡುಕಿ ಅಧ್ಯಕ್ಷನನ್ನಾಗಿ ಮಾಡ್ತೀವಿ. ಮಾತುಗಾರ ಹೋರಾಟಕ್ಕೆ ಬೇಕು, ಗಲ್ಲಾಪೆಟ್ಟಿಗೆಗೆ ಬೇಡ. ಅಲ್ಲಿಗೆ ಬೇಕಾದವನು ತಮ್ಮನಿಗೂ ಉದ್ರಿ ಇಲ್ಲ ಅನ್ನಬಲ್ಲವನು. ಪೇಟೆಗೆ ಕಳಿಸಬೇಕಾದವನು ಸಿಟ್ಟು ತಡೆಯಬಲ್ಲವನು. ಈ ಮೂರೂ ಒಬ್ಬನಲ್ಲಿ ಇರೋದು ಅಪರೂಪ, ಹುಡುಕುತ್ತಾ ಕೂರಬೇಡಿ, ಮೂವರನ್ನು ಇಟ್ಟುಕೊಳ್ಳಿ. ಚೆಕ್ಕಿಗೆ ಇಬ್ಬರ ಸಹಿ. ತಿಂಗಳಿಗೊಮ್ಮೆ ಜಮಾಖರ್ಚನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಬೇಕು. ಆಗ ಯಾರಾದರೂ 'ಸದ್ದಲೇ' ಅನ್ನಬೇಕು, ಉಳಿದವರು ಕೇಳಬೇಕು.

ಈ ಸುಗ್ಗಿಗೆ ಕಂಪನಿಯೂ ಬೇಡ, ನೋಂದಣಿಯೂ ಬೇಡ. ಊರಿಗೆ ಇಪ್ಪತ್ತು ಮನೆಯವರು ಸೇರಿ ಒಂದು ತೇವ ಅಳೆಯುವ ಯಂತ್ರ ತನ್ನಿ, ಒಂದು ಸರಿಯಾದ ಕಾಟಾ ತನ್ನಿ. ಮನೆಯಲ್ಲೇ ತೂಗಿ, ಅಳೆದು, ಚೀಟಿ ಬರೆದು, ಒಂದೇ ಲಾರಿಯಲ್ಲಿ ಹೇರಿ, ಇಬ್ಬರು ಜೊತೆಗೆ ಹೋಗಿ. ಯಂತ್ರವನ್ನು ಮುಖಂಡರ ಮನೆಯಲ್ಲಿ ಇಡಬೇಡಿ. ಹಾಲಿನ ಡೈರಿಯಲ್ಲಿ ಇಡಿ, ಅಲ್ಲಿ ದಿನಾ ಎರಡು ಹೊತ್ತು ಬಾಗಿಲು ತೆಗೆದಿರುತ್ತದೆ.