ಓರಗೆಯವರ ಮನೆಗೆ ಹೋಗಿ ಬನ್ನಿ

ಬೆಳಿಗ್ಗೆ ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾಲೇಜಿಗೆ, ಐಟಿಐಗೆ, ಉದ್ಯಮಬಾಗದ ಕಾರ್ಖಾನೆಗಳಿಗೆ ಹೊರಟ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರೇ ತುಂಬಿರುತ್ತಾರೆ. ಅದೇ ವಯಸ್ಸಿನ ಕೆಲವರು ಮಾತ್ರ ಆ ಬಸ್ಸು ಹತ್ತುವುದಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾದವರು, ಆಟಿಸಂ ಇರುವವರು, ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಬಿಗಿದವರು. ನಿಮ್ಮ ಓರಗೆಯವರೇ, ಅಂಗನವಾಡಿಯಲ್ಲಿ ನಿಮ್ಮ ಪಕ್ಕ ಕೂತಿದ್ದವರೂ ಇದ್ದಾರು. ತರುಣ ಗೆಳೆಯರೇ, ವಾರಕ್ಕೊಂದು ತಾಸು ಅವರ ಮನೆಗೆ ಹೋಗಿ.

ತೀವ್ರ ಹಾಗೂ ಬಹುವಿಧ ಅಂಗವೈಕಲ್ಯವಿರುವ ಮಕ್ಕಳು ಮನೆಯಲ್ಲೇ ಕಲಿಯಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಹೇಳಿದೆ. ಗೃಹಾಧಾರಿತ ಶಿಕ್ಷಣದ ಹೆಸರಿನಲ್ಲಿ ಬಿ.ಐ.ಇ.ಆರ್.ಟಿ. (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರು ಮನೆಮನೆಗೆ ಹೋಗುತ್ತಾರೆ. ಆದರೆ ಖಾನಾಪುರ ತಾಲ್ಲೂಕೆಂದರೆ ಜಾಂಬೋಟಿ, ಕಣಕುಂಬಿ, ಭೀಮಗಡದ ಕಾಡೊಳಗಿನ ಊರುಗಳು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ. ಮೇಲಾಗಿ ಉಚಿತ ಶಿಕ್ಷಣದ ಹಕ್ಕು ಹದಿನೆಂಟಕ್ಕೆ ಮುಗಿಯುತ್ತದೆ. ನಿಮಗೆ ಲೋಕ ತೆರೆದುಕೊಳ್ಳುವ ವಯಸ್ಸಿನಲ್ಲೇ ಅವರ ಮನೆಯ ಬಾಗಿಲು ತಟ್ಟುವವರು ಇಲ್ಲವಾಗುತ್ತಾರೆ. ಇದು ನನಗೆ ಸಹಿಸಲಾಗದ ಅನ್ಯಾಯ.

ಹೋಗಿ ಮಾಡುವುದೇನು? ಅಂಗಿ ತೊಡುವುದನ್ನೇ ನೋಡಿ. ಇಪ್ಪತ್ತರ ಮಗನಿಗೂ ಅವ್ವನೇ ಅಂಗಿ ಹಾಕುತ್ತಾಳೆ. ತೋಳು ತೂರಿಸಿ, ಕಾಲರ್ ಸರಿಮಾಡಿ, ಗುಂಡಿಗಳನ್ನೆಲ್ಲ ನೀವೇ ಹಾಕಿ. ಕೊನೆಯ ಗುಂಡಿಯನ್ನು ಅರ್ಧ ತೂತಿನಲ್ಲಿಟ್ಟು ಅವನಿಗೆ ಬಿಡಿ. ಅವನು ಎಳೆದರೆ ಅಂಗಿ ಹಾಕಿಕೊಂಡಂತಾಯಿತು. ಅದು ಕೈಗೆ ಕೂತ ಮೇಲೆ ಕೊನೆಯ ಎರಡು ಗುಂಡಿ, ಆಮೇಲೆ ಮೂರು. ಹೀಗೆ ಹಿಂದಿನಿಂದ ಮುಂದಕ್ಕೆ ಕಲಿಸಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಅವನದೇ ಆಗುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು, ಹಿಡಿಯಲಿ. ಊಟದ ವಿಷಯದಲ್ಲಿ ಮಾತ್ರ ಸ್ಪೀಚ್ ಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ತೋರಿಸಿಕೊಡದೆ ಕೈ ಹಾಕಬೇಡಿ. ಸೆರೆಬ್ರಲ್ ಪಾಲ್ಸಿ ಇರುವವರನ್ನು ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಇಳಿದು ಜೀವಕ್ಕೇ ಕುತ್ತು.

ಹೀಗೆ ಮನೆಗೇ ಹೋಗಿ ಕಲಿಸುವುದು ಹೊಸದೇನಲ್ಲ. 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಎಂಬಲ್ಲಿ ಹಳ್ಳಿಗಳು ದೂರದೂರ ಇದ್ದುದರಿಂದ ಅಂಗವೈಕಲ್ಯವಿರುವ ಮಕ್ಕಳನ್ನು ಒಂದೆಡೆ ಸೇರಿಸಲಾಗಲಿಲ್ಲ. ಕಲಿಸುವವರೇ ವಾರಕ್ಕೊಮ್ಮೆ ಮನೆಗೆ ಹೋಗಿ ತಂದೆತಾಯಿಗೆ ತೋರಿಸಿಕೊಟ್ಟರು. ಉಳಿದ ದಿನಗಳಲ್ಲಿ ಮನೆಯವರೇ ಕಲಿಸಿದರು. ಆ ಪದ್ಧತಿ ಇಂದು ನಮ್ಮ ದೇಶದಲ್ಲೂ ಇದೆ. ಖಾನಾಪುರದ ಕಾಡಂಚಿಗೆ ಇದಕ್ಕಿಂತ ಒಪ್ಪುವ ದಾರಿ ನನಗೆ ಕಾಣುವುದಿಲ್ಲ.

ಮನೆಯವರು ಮರಾಠಿ ಆಡಿದರೆ ಮರಾಠಿಯಲ್ಲೇ ಕಲಿಸಿ, ಕನ್ನಡವಾದರೆ ಕನ್ನಡದಲ್ಲಿ. ಮಾತು ಕಷ್ಟಪಟ್ಟು ಬರುವ ಮಗುವಿಗೆ ಅವ್ವನ ಭಾಷೆಯಷ್ಟು ಹತ್ತಿರದ್ದು ಬೇರೆ ಇಲ್ಲ. ಗಡಿಯ ಜಗಳಕ್ಕೆ ಆ ಹೊಸ್ತಿಲೊಳಗೆ ಜಾಗವಿಲ್ಲ.

ಕಾಗದಪತ್ರದ ಕೆಲಸವೂ ನಿಮ್ಮದೇ, ಏಕೆಂದರೆ ಮೊಬೈಲು ನಿಮ್ಮ ಕೈಯಲ್ಲಿದೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದೆಯೇ ನೋಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ. ಹದಿನೆಂಟು ತುಂಬಿದ ಮೇಲೂ ಕಾನೂನುಬದ್ಧ ಪೋಷಕರ ಅಗತ್ಯವಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಎಷ್ಟೋ ಅಪ್ಪ ಅವ್ವಂದಿರಿಗೆ ಈ ಮಾತನ್ನು ಯಾರೂ ಹೇಳಿಯೇ ಇಲ್ಲ.

ನಿಮ್ಮಲ್ಲಿ ಕೆಲವರು ಇದನ್ನೇ ವೃತ್ತಿಯಾಗಿ ಹಿಡಿಯಬೇಕೆಂಬುದು ನನ್ನ ಆಸೆ. ವಿಶೇಷ ಶಿಕ್ಷಣದ ಡಿಪ್ಲೊಮಾ ಎರಡೇ ವರ್ಷದ್ದು. ಉಳಿದವರಿಗೆ ಈ ವಾರದ ಕೆಲಸ ಇಷ್ಟು: ನಿಮ್ಮ ಗ್ರಾಮ ಪಂಚಾಯತಿಗೆ ಹೋಗಿ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಯಾರೆಂದು ಕೇಳಿ. ಊರಲ್ಲಿ ಯಾವ ಮನೆಯಲ್ಲಿ ಯಾರಿದ್ದಾರೆಂಬುದು ಅವರಿಗೆ ಗೊತ್ತಿರುತ್ತದೆ. ಅಂಗವಿಕಲರಿಗೆಂದು ಪಂಚಾಯತಿ ಮೀಸಲಿಡಬೇಕಾದ ಶೇಕಡಾ 5ರ ಹಣ ಎಲ್ಲಿ ಖರ್ಚಾಯಿತೆಂದು ಅಲ್ಲೇ ವಿಚಾರಿಸಿ. ಆಮೇಲೆ ಅವರ ಜೊತೆಗೇ ಮೊದಲ ಮನೆಗೆ ನಡೆಯಿರಿ.