ಲಗ್ನಪತ್ರಿಕೆಯ ವಿಮಾನ

ಕಾಗದದ ವಿಮಾನವೆಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಯಾವುದು? ನೋಟುಪುಸ್ತಕದ ಹಾಳೆಯನ್ನು ಹರಿದು, ನಾಲ್ಕು ಮಡಿಕೆ ಹಾಕಿ, ಮೇಷ್ಟರು ಬೋರ್ಡಿನ ಕಡೆ ತಿರುಗಿದಾಗ ಹಾರಿಸುವ ಬಾಣವಷ್ಟೆ. ಅದರ ಫಲವಾಗಿ ಕಿವಿ ಹಿಂಡಿಸಿಕೊಂಡವರು ನಿಮ್ಮಲ್ಲೂ ಇರಬಹುದು. ನಾನು ಹಿಂಡಿದವರ ಪಂಗಡಕ್ಕೆ ಸೇರಿದವನು. ಮಳವಳ್ಳಿಯಲ್ಲಿ ಬಹುಕಾಲ ಮೇಷ್ಟರಾಗಿದ್ದವನು. ಈಗ ಹೇಳಹೊರಟಿರುವುದು ಆ ಬಾಣದ ಮಾತಲ್ಲ. ಕಾಗದವನ್ನು ಕತ್ತರಿಸಿ, ಬಾಗಿಸಿ, ಅಂಟಿಸಿ, ನಿಜವಾದ ವಿಮಾನವೊಂದರ ಅಳತೆಗೆ ಸರಿಯಾಗಿ ಅಂಗೈ ಮೇಲೆ ಕೂರುವಂಥ ಪುಟ್ಟ ಮಾದರಿಯನ್ನು ಮಾಡುವ ಹವ್ಯಾಸದ ಮಾತು.

ಈ ಹವ್ಯಾಸಕ್ಕೆ ಬಲ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಲೋಹವೂ ಹಗುರ ಮರವೂ ಯುದ್ಧದ ಪಾಲಾದ ಮೇಲೆ ಹುಡುಗರ ಕೈಗೆ ಉಳಿದದ್ದು ಕಾಗದ. ಇಂಗ್ಲೆಂಡಿನಲ್ಲಿ ಅಂಚೆಕಾರ್ಡಿನಷ್ಟು ಚಿಕ್ಕ ಹಾಳೆಗಳ ಮೇಲೆ ಅಚ್ಚುಹಾಕಿದ ‘ಮೈಕ್ರೋಮಾಡೆಲ್ಸ್’ ಬಂದವು. ಅಮೆರಿಕದಲ್ಲಿ 1944ರಲ್ಲಿ ಬೆಳಗಿನ ತಿಂಡಿಯ ಪೊಟ್ಟಣ ಕೊಂಡವರಿಗೆ ಕಾಗದದ ಯುದ್ಧವಿಮಾನಗಳ ಹಾಳೆ ಸಿಗುತ್ತಿತ್ತು. ಮೂತಿಯೊಳಗೆ ಒಂದು ಪೆನ್ನಿ ನಾಣ್ಯ ಸೇರಿಸಿದರೆ ಅವು ಚೆನ್ನಾಗಿ ಹಾರುತ್ತಿದ್ದವು. ಪೋಲೆಂಡಿನಲ್ಲಂತೂ 1957ರಿಂದ ಇದಕ್ಕೆಂದೇ ಒಂದು ಪತ್ರಿಕೆ ಹೊರಟಿತು. ಆದರೆ ಹೆಚ್ಚಿನವರು ಮಾಡುವುದು ಹೆಸರಾದ ಸ್ಪಿಟ್‌ಫೈರನ್ನೇ. ತೇರನ್ನು ಎಲ್ಲರೂ ನೋಡುತ್ತಾರೆ. ಚಕ್ರಕ್ಕೆ ಸನ್ನೆ ಹಾಕುವವನನ್ನು ಯಾರೂ ನೋಡುವುದಿಲ್ಲ. ನನ್ನ ಮನಸ್ಸು ಹರಿದದ್ದು ನಮ್ಮ ಬೆಂಗಳೂರಿನಲ್ಲೇ ಜೋಡಣೆಯಾಗಿ ಮರೆತುಹೋದ ವಿಮಾನಗಳ ಕಡೆಗೆ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲರು. ಬೆಂಗಳೂರಿಗೆ ಆ ಹೊತ್ತಿಗೆ ವಿದ್ಯುತ್ತಿನ ಅನುಕೂಲವಿತ್ತು. ಅದು 1905ರಿಂದಲೂ ಹೋಗುತ್ತಿದ್ದದ್ದು ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಎಂಬುದನ್ನು ನಾವು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. 1941ರಲ್ಲಿ ಅಲ್ಲಿ ಜೋಡಿಸಿದ ಮೊದಲ ವಿಮಾನ ಹಾರಿತು. ಅದು ಹಾರ್ಲೊ ಎಂಬ ಅಮೆರಿಕನ್ ತರಬೇತಿ ವಿಮಾನ. ಮರುವರ್ಷ ಕರ್ಟಿಸ್ ಹಾಕ್ ಎಂಬ ಕಾದಾಟದ ವಿಮಾನ ಸಿದ್ಧವಾಯಿತು. ಇದೇ ಜಾತಿಯ ವಿಮಾನಗಳನ್ನು ಬ್ರಿಟಿಷರು ಮೊಹಾಕ್ ಎಂದು ಕರೆದು, ಅಸ್ಸಾಂ ಮತ್ತು ಬರ್ಮಾ ಗಡಿಯಲ್ಲಿ 1944ರ ಆರಂಭದವರೆಗೂ ಹಾರಿಸಿದರು. ಗಾಟ್ಟಿಂಗೆನ್ನಿನಲ್ಲಿ ಪ್ರಾಂಟ್ಲ್ ಅವರ ಬಳಿ ಕಲಿತುಬಂದ ಡಾ. ವಿ. ಎಂ. ಘಾಟಗೆಯವರು ಸೈನಿಕರನ್ನು ಒಯ್ಯಲು ಹತ್ತು ಆಸನಗಳ ಒಂದು ಗ್ಲೈಡರನ್ನೂ ಇಲ್ಲಿ ರಚಿಸಿದರು. ಆದರೆ ಯುದ್ಧದ ಒತ್ತಡ ಹೆಚ್ಚಿದಂತೆ ಕಟ್ಟುವ ಕೆಲಸ ಹಿಂದೆ ಬಿತ್ತು. ಕಾರ್ಖಾನೆ ರಿಪೇರಿಯ ಮನೆಯಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಮೊದಲು ಕಟ್ಟಿದವು ಹೀಗೆ ನೆನಪಿನಿಂದ ಜಾರಿದವು.

ಇಂಥವುಗಳ ಅಚ್ಚಾದ ಹಾಳೆ ಸುಲಭವಾಗಿ ಸಿಗದು. ನೀವೇ ಬರೆದುಕೊಳ್ಳಬೇಕು. ಅಡಿಗೆ ಕಾಲಂಗುಲದ ಲೆಕ್ಕ ಹಿಡಿಯಿರಿ. ಹಾಕ್ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 37 ಅಡಿ 4 ಅಂಗುಲ. ನಿಮ್ಮ ಕಾಗದದ ಮೇಲೆ ಒಂಬತ್ತು ಅಂಗುಲ, ಅದರ ಮೇಲೆ ಅಂಗುಲದ ಮೂರನೆಯ ಒಂದು ಪಾಲು. ಕಾಗದಕ್ಕೆ ಒಂದು ಹಟವುಂಟು. ಅದು ಒಂದು ದಿಕ್ಕಿಗೆ ಬಾಗುತ್ತದೆ, ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗುವುದಿಲ್ಲ. ಕೊಳವೆ ಮಾಡಬಹುದು, ಕಡಲೆಕಾಯಿ ಪೊಟ್ಟಣ ಮಾಡಬಹುದು, ಚೆಂಡು ಮಾಡಲಾಗದು. ಆದ್ದರಿಂದ ವಿಮಾನದ ಒಡಲನ್ನು ಪೊಟ್ಟಣಗಳ ಸಾಲಾಗಿ ಒಡೆದುಕೊಳ್ಳಬೇಕು. ಹಾಕ್‌ನ ದುಂಡು ಮೂತಿಗೆ ಮಾತ್ರ ತಾವರೆಯ ಎಸಳಿನಂತೆ ಸೀಳುಗಳನ್ನು ಕತ್ತರಿಸಿ ಒಳಕ್ಕೆ ಬಾಗಿಸಬೇಕು. ನಾನು ಅದರಲ್ಲಿ ಕೆಡಿಸಿದ ಮೂತಿಗಳನ್ನು ಎಣಿಸಿಲ್ಲ.

ಕಾಗದಕ್ಕೂ ಕಬ್ಬಿನ ಸಿಪ್ಪೆಯಂತೆ ನಾರಿನ ಓಟವುಂಟು. ಓಟದ ಜೊತೆಗೆ ಬಾಗಿಸಿದರೆ ಒಪ್ಪುತ್ತದೆ, ಅಡ್ಡ ಬಾಗಿಸಿದರೆ ಮುರಿಯುತ್ತದೆ. ಮಡಿಕೆಯ ಗೆರೆಯನ್ನು ಮೊದಲು ಮಸಿ ತೀರಿದ ಬಾಲ್‌ಪೆನ್ನಿನಿಂದ ಒತ್ತಿಕೊಳ್ಳಿ. ಗೋಂದನ್ನು ತೆಳ್ಳಗೆ ಸವರಿ; ಹೆಚ್ಚಾದರೆ ರೆಕ್ಕೆ ಹಪ್ಪಳದಂತೆ ಏಳುತ್ತದೆ. ಚಕ್ರದ ಅಚ್ಚಿಗೆ ಪೊರಕೆಕಡ್ಡಿ ಸಾಕು. ದಪ್ಪ ಕಾಗದಕ್ಕೆ ಹಳೆಯ ಲಗ್ನಪತ್ರಿಕೆಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಯಾವ ಭಾಗದ ರೂಪ ಖಚಿತವಿಲ್ಲವೋ ಅದನ್ನು ಬಣ್ಣ ಹಚ್ಚದೆ ಬಿಳಿಯಾಗಿ ಬಿಡಿ. ಊಹಿಸಿ ಬಣ್ಣ ಬಳಿದರೆ ನೋಡಿದವರು ನಂಬಿಬಿಡುತ್ತಾರೆ.

ಈ ಕಡೆಯ ಮಾತನ್ನು ನಾನು ಕಲಿತದ್ದು ಮದ್ದೂರಿನಲ್ಲಿದ್ದ ನನ್ನ ಸೋದರಮಾವನಿಂದ. ಯುದ್ಧಕಾಲದಲ್ಲಿ ಆತ ಆ ಕಾರ್ಖಾನೆಯಲ್ಲಿ ಫಿಟ್ಟರ ಕೈಕೆಳಗೆ ಕೆಲಸಕ್ಕಿದ್ದ. ಊರಿಗೆ ಹಿಂದಿರುಗಿದ ಮೇಲೆ ಆತ ಏರೋಪ್ಲೇನು ಕಟ್ಟಿದನೆಂದರೆ ಗದ್ದೆಯ ಬದುವಿನಲ್ಲಿ ಕುಳಿತವರು ನಗುತ್ತಿದ್ದರು. ತೋರಿಸಲು ಆತನ ಹತ್ತಿರ ಒಂದು ಫೋಟೋವೂ ಇರಲಿಲ್ಲ. ಕ್ರಮೇಣ ಹೇಳುವುದನ್ನೇ ಬಿಟ್ಟ.

1980ರ ಸುಮಾರಿನಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ರಾಶಿಯಲ್ಲಿ ನನಗೆ ಹಾಕ್‌ನ ಎರಡು ಚಿತ್ರಗಳು ದೊರೆತವು, ಒಂದು ಮೇಲಿನಿಂದ, ಒಂದು ಪಕ್ಕದಿಂದ. ಆತನ ಮಗಳ ಮದುವೆಯ ಪತ್ರಿಕೆಗಳು ಮಿಕ್ಕಿದ್ದವು. ತಿಂಗಳೊಪ್ಪತ್ತು ಕೂತು ಕತ್ತರಿಸಿ, ಮಿಠಾಯಿ ಡಬ್ಬಿಯಲ್ಲಿಟ್ಟು, ಮಳವಳ್ಳಿಯಿಂದ ಮದ್ದೂರಿನವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ.

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಮೂತಿಯನ್ನು ಬೆರಳಿನಿಂದ ಸವರಿದ. ಆಮೇಲೆ ಅದನ್ನು ಮಗುಚಿದ. ಕೆಳಗಿನ ಚಿತ್ರ ನನಗೆ ಸಿಕ್ಕಿರಲಿಲ್ಲವಾಗಿ, ಎತ್ತಿಕೊಂಡ ಚಕ್ರಗಳನ್ನು ರೆಕ್ಕೆಯಡಿ ನಿಲುವಾಗಿ, ಅರ್ಧ ಹೊರಗಿರುವಂತೆ ಊಹಿಸಿ ಅಂಟಿಸಿದ್ದೆ.

“ಹಂಗಲ್ಲ ಕಣಪ್ಪ,” ಎಂದ. “ಚಕ್ರ ಸುಮ್ನೆ ಮಡಚ್ಕೊಳ್ಳಾಕಿಲ್ಲ. ಹಿಂದಕ್ಕೆ ಹೋಯ್ತಾ ತಿರೀಕಂಡು, ರೆಕ್ಕೆವೊಳಕ್ಕೆ ತಟ್ಟೆ ಹಂಗೆ ಮಲೀಕತ್ತದೆ.” ಹೇಳುತ್ತಲೇ ಮುಂಗೈಯನ್ನು ಹಿಂದಕ್ಕೆಳೆದು, ಅಂಗೈ ತಿರುವಿ ಮಟ್ಟಸ ಮಾಡಿ ತೋರಿಸಿದ. ನಾಲ್ವತ್ತು ವರ್ಷವಾದರೂ ಕೈ ಮರೆತಿರಲಿಲ್ಲ. ಆಮೇಲೆ ಕೆಳಗಿನ ಚಿತ್ರ ಸಿಕ್ಕಾಗ ನೋಡಿದೆ. ಆತ ತೋರಿಸಿದ್ದು ತೊಂಬತ್ತು ಡಿಗ್ರಿಗೆ ಸರಿಯಾಗಿತ್ತು.

ಅಂದು ಸಂಜೆ ಮನೆಯ ಜಗಲಿಗೆ ಬಂದ ನಾಲ್ಕೈದು ಜನಕ್ಕೆ ಮಾವ ಅದನ್ನು ತೋರಿಸಿದ. ಒಬ್ಬರು ರೆಕ್ಕೆಯ ಸಂದಿಯಲ್ಲಿ ಇಣುಕಿ, ಒಳಗೆ ಮುಹೂರ್ತದ ವೇಳೆ ಬರೆದಿದೆಯಲ್ಲಾ ಎಂದು ನಕ್ಕರು. ಆದರೆ ಕಾರ್ಖಾನೆಯ ಮಾತಿಗೆ ಯಾರೂ ನಗಲಿಲ್ಲ, ಒಂದೊಂದಾಗಿ ಕೇಳತೊಡಗಿದರು. ರಾತ್ರಿ ಕಡೆಯ ಬಸ್ಸು ತಪ್ಪಿಹೋಗಿ ನಾನು ಅಲ್ಲೇ ಉಳಿದೆ.

ಎರಡನೆಯ ಹಾಕನ್ನು ಚಕ್ರ ಸರಿಮಾಡಿ ದೀಪಾವಳಿಗೆ ಒಯ್ದುಕೊಟ್ಟೆ. ಮಾವ ಮೊದಲು ಮಾಡಿದ ಕೆಲಸವೆಂದರೆ ಅದನ್ನು ಮಗುಚಿ ಹೊಟ್ಟೆ ನೋಡಿದ್ದು. ಆಮೇಲೆ ಗೂಡಿನಲ್ಲಿಟ್ಟ.